ಮೂರನೆಯ ಮಾತು

ಹೆಸರು ಕೂಗುವುದು, ಜಗ್ಗಿನಲ್ಲಿ ನೀರಿಡುವುದು,
ನ್ಯಾಯಾಧೀಶರು ಬರುವಾಗ ‘ಎದ್ದು ನಿಲ್ಲಿ’ ಎನ್ನುವುದು:
ಇಪ್ಪತ್ತೆರಡು ವರ್ಷದಿಂದ ಇಷ್ಟೇ ನನ್ನ ಕೆಲಸ
ಅಬರ್ಡೀನಿನ ಈ ಕಗ್ಗಲ್ಲ ಕಟ್ಟಡದಲ್ಲಿ.
ಅವಳ ಹೆಸರನ್ನೂ ನಾನೇ ಕೂಗಿದೆ, ಮೊಗಸಾಲೆ ಮೊಳಗುವಂತೆ.
ಇಲ್ಲಿ ಬರೆಯುವುದಿಲ್ಲ.

ಕಡಲ ಮಂಜು ಕಿಟಕಿಗೆ ಮುಖ ಒತ್ತಿಕೊಂಡಿತ್ತು ಆ ದಿನ.
ಬಂದರಿನಲ್ಲೊಂದು ಹಡಗು ಒಂದೇ ಸಮ ಕೂಗುತ್ತಿತ್ತು.
ಯಾರೂ ಅದಕ್ಕೆ ಸಾಕ್ಷಿ ಕೇಳಲಿಲ್ಲ.

ವಕೀಲರು ಒಳ್ಳೆಯವರೇ. ನನಗಾಗಿ ಬಾಗಿಲು ಹಿಡಿದು ನಿಲ್ಲುತ್ತಾರೆ,
ಮಂಡಿನೋವು ವಿಚಾರಿಸುತ್ತಾರೆ.
ಅದೇ ಮೆತ್ತನೆ ದನಿಯಲ್ಲಿ ಅವಳನ್ನು ಕೇಳಿದರು:
‘ಬೇಡ ಎಂದಿರಾ?’
ಇಲ್ಲ.
‘ಹಾಗಾದರೆ ಬೇಕಿತ್ತು.’
ಅಲ್ಲ.
‘ಇಲ್ಲ ಅನ್ನಲು ಬರುತ್ತದೆ, ಅಲ್ಲ ಅನ್ನಲು ಬರುತ್ತದೆ.
ಬೇಡ ಅನ್ನಲು ಮಾತ್ರ?’

ಅವಳು ನೀರಿನ ಲೋಟ ನೋಡಿದಳು.
ಬಾಯಿ ಬರಲಿಲ್ಲ, ಎಂದಳು.
ಬಾಯಿ ಎಂಬುದು ಎಲ್ಲೋ ಹೋಗಿ
ಹೊತ್ತಿಗೆ ಸರಿಯಾಗಿ ಮರಳಬೇಕಾದ ಬಸ್ಸೇನೋ ಎಂಬಂತೆ
ವಕೀಲರು ಗಡಿಯಾರ ನೋಡಿಕೊಂಡರು.

ತೀರ್ಪುಗಾರರು ಹದಿನೈದು ಜನ.
ಪಿಯಾನೋ ಕಲಿಸುವವಳು, ಮೀನು ಕಾರ್ಖಾನೆಯ ಇಬ್ಬರು,
ನಡುಗಡಲ ಎಣ್ಣೆಬಾವಿಯಿಂದ ರಜೆಗೆ ಬಂದಿದ್ದ ಅಡುಗೆಯವನು,
ಇನ್ನೂ ಯಾರ್ಯಾರೋ.
ಎಂಟು ಕೈ ಎದ್ದರೆ ಶಿಕ್ಷೆ.
ಅವರ ಮಡಿಲಿಗೆ ನಾವು ಮೂರು ಮಾತು ಹಾಕುತ್ತೇವೆ:
ಅಪರಾಧಿ. ಅಪರಾಧಿಯಲ್ಲ.
ಮತ್ತೆ ಆ ಹಳೆಯದು, ಸಾಬೀತಾಗಿಲ್ಲ.
ಮುಚ್ಚಿದ ಬಾಗಿಲೇ. ಚಿಲಕ ಹಾಕಿರುವುದಿಲ್ಲ, ಅಷ್ಟೆ.
ಗಾಳಿಗೆ ಜೀವಮಾನವಿಡೀ ಬಡಿಯುತ್ತಿರುತ್ತದೆ.

ಆ ವಸಂತದಲ್ಲಿ ಊರಿಗೆ ಊರೇ ಅದನ್ನೇ ಆಡುತ್ತಿತ್ತು.
ಮೂರನೆಯ ಮಾತು ಕಿತ್ತುಹಾಕಿ ಎನ್ನುವವರು, ಇರಲಿ ಬಿಡಿ ಎನ್ನುವವರು,
ಬಸ್ಸಿನಲ್ಲಿ, ರೇಡಿಯೋದಲ್ಲಿ,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಮಲಗಿದ್ದಾಗಲೂ.
ತಂಗಿ ಸೆಂಗಾಳ ಮನೆಯ ಊಟದಲ್ಲಿ ಅವಳ ಗಂಡ ಡೂಗಲ್ಡ್:
‘ನಾಳೆ ನಮ್ಮ ರೂರಿಯ ಕಡೆ ಯಾರೋ ಬೆರಳು ತೋರಿಸಿದರೆ?’
ಮಗಳು ಮಾರೀಡ್ ಫೋರ್ಕ್ ಕೆಳಗಿಟ್ಟಳು:
‘ನಾಳೆ ನನಗೇ ಹೀಗಾದರೆ, ಅಪ್ಪ?’
ಮಗನಿಗಾಗಿ ಹೆದರಿದಷ್ಟು ಬೇಗ
ಮಗಳಿಗಾಗಿ ಅವನು ಹೆದರಲಿಲ್ಲ. ಎಲ್ಲರೂ ಕಂಡೆವು. ಅವನೂ ಕಂಡ.
ಯಾರೂ ಕೇಳದಿದ್ದರೂ ಸೆಂಗಾ ಎಲ್ಲರಿಗೂ ಆಲೂಗಡ್ಡೆ ಬಡಿಸಿದಳು.

ಡೂಗಲ್ಡ್ ಕೆಟ್ಟವನಲ್ಲ.
ಒಬ್ಬನನ್ನು ಸುಮ್ಮನೆ ಒಳಗೆ ಹಾಕುವುದು ಸಣ್ಣ ಮಾತೇ?
ತಪ್ಪು ಮಾಡದೆಯೂ ಆ ಕಟಕಟೆಯಲ್ಲಿ ಬೆವೆತವರನ್ನು
ನಾನೂ ಕಂಡಿದ್ದೇನೆ.
ಆದರೆ ಬೆವರಿಗೆ ಕೊಡುವ ಸಂಶಯದ ಲಾಭವನ್ನು
ಬಾರದ ಬಾಯಿಗೆ ಯಾರು ಕೊಡುತ್ತಾರೆ?
ಇದನ್ನು ಅಂದು ಊಟದಲ್ಲಿ ಹೇಳಬೇಕಿತ್ತು.
ಮನೆಗೆ ಬಂದು ಬೂಟು ಬಿಚ್ಚುವಾಗ ಹೊಳೆಯಿತು.

ನಾಲ್ಕನೆಯ ದಿನ, ಮೂರೂವರೆಗೆ, ಮೂರನೆಯ ಮಾತೇ ಬಂತು.
ಅವನ ತಾಯಿ ಕನ್ನಡಕ ತೆಗೆದು ಒರೆಸಿದಳು,
ಒರೆಸುತ್ತಲೇ ಇದ್ದಳು.
ಅವನು ಮುಂಬಾಗಿಲಿಂದ ಹೋದ.

ಐದು ಗಂಟೆಗೆ ಆ ಅಡುಗೆಯವನು
ಮರೆತ ಕೈಗವಸು ಹುಡುಕಿಕೊಂಡು ಬಂದ.
ಸಿಕ್ಕಿತು. ಹೋಗಲಿಲ್ಲ.
ಒಳಗೆ ಆಡಿದ್ದನ್ನು ಹೊರಗೆ ಆಡುವಂತಿಲ್ಲ, ಕಾನೂನು.
ಗವಸಿನ ಬೆರಳು ಒಂದೊಂದೇ ಎಣಿಸಿದ,
ಐದು ಮುಗಿದು ಮತ್ತೆ ಹೆಬ್ಬೆರಳಿಂದ ಹಿಡಿದು,
ಏಳಕ್ಕೆ ನಿಂತ.
ನನ್ನ ಮುಖ ನೋಡಿದ.
ಅವನಿಗೂ ಬಾಯಿ ಬರಲಿಲ್ಲ.

ಅದಕ್ಕೂ ಮುಂಚೆ, ಮೊಗಸಾಲೆಯಲ್ಲಿ, ಅವಳು ನನ್ನ ತೋಳು ಹಿಡಿದು ಕೇಳಿದ್ದಳು:
‘ಅಂದರೆ ಏನು?
ನಂಬಿದರೋ, ನಂಬಲಿಲ್ಲವೋ?’
ಇಪ್ಪತ್ತೆರಡು ವರ್ಷ. ಸಾವಿರಾರು ಹೆಸರು ಕೂಗಿದ ಗಂಟಲು.
‘ಎಡಕ್ಕೆ ಹೋದರೆ ಹಿಂಬಾಗಿಲು,’ ಎಂದೆ,
‘ಅಲ್ಲಿ ಕ್ಯಾಮೆರಾದವರು ಇರುವುದಿಲ್ಲ.
ಮೆಟ್ಟಿಲು ಜಾರುತ್ತದೆ. ಹುಷಾರು.’